ಬಲಗಡೆ ಬಿದ್ದ ಹೂ

ಜೂನ್ 14, ಶನಿವಾರ

ಇವತ್ತಿನಿಂದ ಮಾತು ಬಿಟ್ಟಿದ್ದೇನೆ. ಊರವರ ಜೊತೆಗಲ್ಲ, ಗಂಡನ ಜೊತೆಗೆ. ಮಾತು ಬಿಟ್ಟ ಮೇಲೆ ಹೊಟ್ಟೆಯೊಳಗಿನದು ಎಲ್ಲಿಗಾದರೂ ಹೋಗಬೇಕಲ್ಲ. ಕಾರ್ಖಾನೆಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು, ಇಳಿಸಿದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದು ಇದಕ್ಕಾದರೂ ಬರಲಿ. ಗಂಡನ ಹೆಸರನ್ನು ಬಾಯಲ್ಲಿ ಹೇಳದವಳು ಕೈಯಲ್ಲಿ ಬರೆಯುವುದೂ ಬೇಡ. ಇವರು ಅಂತಲೇ ಬರೆಯುತ್ತೇನೆ.

ಇವರು ಮುಂಚೆ ಹೀಗಿರಲಿಲ್ಲ. ಪೀಣ್ಯದ ನಮ್ಮ ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆಗೆ ಇವರೇ ಮುಂದು. ಇವರು ಒಂದು ಸಾಲು ಹೇಳಿಕೊಟ್ಟರೆ ಊರೇ ಹಿಂದೆ ಹೇಳುತ್ತಿತ್ತು. ನನ್ನನ್ನು ಕೊಡುವಾಗ ನಮ್ಮಪ್ಪ ನೋಡಿದ್ದು ಹೊಲವನ್ನಲ್ಲ, ಆ ಕಂಠವನ್ನು. ಹೊಲ ಕಾರ್ಖಾನೆಗಳಿಗೆ ಹೋಯಿತು. ಹುರುಳಿ ಬಿತ್ತುತ್ತಿದ್ದ ಕಡೆ ಈಗ ಕಬ್ಬಿಣದ ಗೇಟು ಇದೆ, ಆ ಗೇಟಿಗೆ ಇವರೇ ವಾಚ್‌ಮನ್. ಪಾಳಿ ಬದಲಾಗುವಾಗ ಸೈರನ್ ಒತ್ತುವುದೂ ಇವರೇ. ಅದಕ್ಕೆಲ್ಲ ನಾನು ಅಳಲಿಲ್ಲ, ಕಂಠ ಉಳಿದಿತ್ತಲ್ಲ.

ಈಗ ಕಂಠವನ್ನೂ ಮಾರಿಕೊಂಡರು. ಕಾರ್ಖಾನೆಯ ಹುಡುಗರು ಕಟ್ಟಿದ ಆರ್ಕೆಸ್ಟ್ರಾಕ್ಕೆ ಸೇರಿ, ಐವತ್ತೈದರ ವಯಸ್ಸಿನಲ್ಲಿ ತಾವೇ ಒಂದು ಪ್ರೇಮದ ಪದ ಕಟ್ಟಿದರು. ನಮ್ಮ ವಠಾರದಲ್ಲಿ ಬಾಡಿಗೆಗಿರುವ ಟೈಪಿಸ್ಟ್ ಹುಡುಗಿ ಪ್ರಭಾ ಜೊತೆಗೆ ಹಾಡಿದಳು. ಅದು ಕ್ಯಾಸೆಟ್ ಆಗಿ, ಈಗ ಟೀ ಅಂಗಡಿ, ಸೈಕಲ್ ಶಾಪು ಎಲ್ಲಿ ಹೋದರೂ ಅದೇ ಕಿವಿಗೆ ಬೀಳುತ್ತದೆ.

ಸೈರನ್ನು ಕೂಗಿತು ಸುಂದರಿ, ಸೈಕಲ್ಲು ಕಾದೈತೆ ಬಾರೆ
ಗೇಟಿನ ಆಚೆಗೆ ನಾನಿರುವೆ, ಊಟದ ಡಬ್ಬಿಯ ತಾರೆ

ಇದೇನು ಪದವೋ, ದೇವರೇ ಬಲ್ಲ.

ಇವತ್ತು ಮಧ್ಯಾಹ್ನ ಕ್ಯಾಸೆಟ್ ಕಂಪನಿಯ ರಾಮಪ್ರಸಾದ ಅನ್ನುವವನು ಸ್ಕೂಟರಿನಲ್ಲಿ ಬಂದ. ಅವರ ಕಂಪನಿ ವರ್ಷವರ್ಷವೂ ಕೊಡುವ ಸ್ವರಸಂಪಿಗೆ ಬಹುಮಾನದಲ್ಲಿ ಈ ಸಲ ‘ವರ್ಷದ ಹೊಸ ದನಿ’ ಇವರೇ ಅಂತೆ. ಸಮಾರಂಭ ಜುಲೈ ಹದಿಮೂರಕ್ಕೆ, ಆಮೇಲೆ ಅದನ್ನು ಟಿವಿಯಲ್ಲಿ ತೋರಿಸುತ್ತಾರೆ. ಹೊಸ ದನಿ! ನಾನು ಮೂವತ್ತು ವರ್ಷದಿಂದ ಕೇಳುತ್ತಿರುವ ದನಿ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಒಳಗೆ ಬಂದೆ.

ಆ ಸಮಾರಂಭವನ್ನು ಹೋದ ವರ್ಷ ನಮ್ಮ ಟಿವಿಯಲ್ಲೇ ನೋಡಿದ್ದೇನೆ. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹೊಗೆ ಹಾಕುವ ಹಾಗೆ ವೇದಿಕೆಗೆ ಹೊಗೆ ಬಿಡುತ್ತಾರೆ. ಹೊಗೆಯೊಳಗಿಂದ ಒಬ್ಬ ಕೂದಲು ಬಿಟ್ಟವನು ಎದ್ದು ಬಂದು ಮೈಕನ್ನು ನುಂಗುವವನ ಹಾಗೆ ಹಿಡಿದುಕೊಳ್ಳುತ್ತಾನೆ. ಹೆಣ್ಣುಮಕ್ಕಳು ರವಿಕೆಗೆ ತೋಳೇ ಇಲ್ಲದೆ ಬಂದು ಶೀಲ್ಡು ಕೊಡುತ್ತಾರೆ. ತೆಗೆದುಕೊಂಡವನು ಅವರಪ್ಪ ಅಮ್ಮನನ್ನು ಬಿಟ್ಟು ಊರಿನವರನ್ನೆಲ್ಲ ನೆನೆಯುತ್ತಾನೆ. ಅಲ್ಲಿ ನಿಂತು ನನ್ನ ಗಂಡ ಸುಂದರಿ ಸುಂದರಿ ಅನ್ನಬೇಕೇ? ಮಗಳನ್ನು ಕೊಟ್ಟಿರುವ ಮಾದನಾಯಕನಹಳ್ಳಿಯಲ್ಲಿ ಬೀಗರು ಟಿವಿ ಮುಂದೆ ಕೂತು ಅದನ್ನು ನೋಡಬೇಕೇ?

ಸಾಯಂಕಾಲ ಭಜನೆಗೆ ಇವರು ಬರಲಿಲ್ಲ, ಪ್ರಾಕ್ಟೀಸ್ ಇತ್ತಂತೆ. ಅಲ್ಲೇ ತೀರ್ಮಾನಿಸಿದೆ. ಇನ್ನು ಮಾತಿಲ್ಲ.

ಜೂನ್ 17, ಮಂಗಳವಾರ

ಮಾತು ಬಿಟ್ಟರೂ ಕೆಲಸ ಬಿಟ್ಟಿಲ್ಲ. ದಿನವೂ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಗೇಟಿಗೆ ಹೋಗುತ್ತೇನೆ, ಮೊಳೆಗೆ ನೇತುಹಾಕಿ ಬರುತ್ತೇನೆ. ಮೊದಲು ಇವರು ತಿನ್ನುವವರೆಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ. ಈಗ ಕೂರುವುದಿಲ್ಲ.

ಹೇಳಬೇಕಾದದ್ದನ್ನು ಎಮ್ಮೆಗೆ ಹೇಳುತ್ತೇನೆ. ಇವತ್ತು ಎಮ್ಮೆಯ ಮುಂದೆ, ‘ಕೆಲವರಿಗೆ ಉಪ್ಪು ಸಾಲದಿದ್ರೆ ಅಡುಗೆಮನೇಲಿ ಐತೆ’ ಅಂದೆ. ಇವರು ಗೋಡೆಯ ಕಡೆ ತಿರುಗಿ, ಉಪ್ಪು ಸರಿಯಾಗಿದೆ ಅಂದರು.

ಒಂದು ಸಮಾಧಾನ. ಇವರು ಪ್ರಭಾ ಜೊತೆ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ‘ನನ್ಗ್ಯಾಕಮ್ಮ ಈ ವಯಸ್ನಾಗೆ? ಮನೇಲೂ ಇಷ್ಟ ಇಲ್ಲ. ಬ್ಯಾಡ ಅಂದ್ಬುಡ್ತೀನಿ’ ಅಂದರು. ಅವಳು ಏನೇನೋ ಬೇಡಿಕೊಂಡಳು. ಇವರು ಸೊಪ್ಪು ಹಾಕಲಿಲ್ಲ.

ಇನ್ನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದೆ.

ಜೂನ್ 21, ಶನಿವಾರ

ಕೈಯಾರೆ ಕೆಡಿಸಿಕೊಂಡೆ.

ಗೆದ್ದದ್ದು ಗಟ್ಟಿಯಾಗಲಿ ಅಂತ ಬೆಳಿಗ್ಗೆ ಆಂಜನೇಯನ ಹತ್ತಿರ ಹೂ ಕೇಳಲು ಹೋದೆ. ಪೂಜಾರಿ ಹನುಮಯ್ಯ ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಪಕ್ಕಕ್ಕೆ ನಿಂತ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು. ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ನಾನು ಕಣ್ಣು ಮುಚ್ಚಿ ಕೇಳಿಕೊಂಡೆ. ಸ್ವಾಮಿ, ಇವರು ಆ ಟಿವಿಯಲ್ಲಿ ಕಾಣಿಸಿಕೊಳ್ಳಬಾರದು. ಹೌದು ಅನ್ನುವುದಾದರೆ ಬಲಗಡೆ ಕೊಡು.

ಸ್ವಾಮಿ ತಡಮಾಡಲಿಲ್ಲ. ಬಲಭುಜದ ಸೇವಂತಿಗೆ ನನ್ನ ಮುಂದೆ ಬಂದು ಬಿತ್ತು. ಕಣ್ಣಲ್ಲಿ ನೀರು ಬಂತು ನನಗೆ.

ಅಷ್ಟರಲ್ಲಿ ಹನುಮಯ್ಯ ಗಂಟೆ ಹೊಡೆದುಬಿಟ್ಟ. ‘ಬಲ್ಗಡೆ ಕೊಟ್ಟ ಕಣವ್ವೋ! ಬೈರಪ್ಪಣ್ಣನ ಬಹುಮಾನದ ಇಸ್ಯ ತಾನೆ? ಸ್ವಾಮೀನೇ ಕಳುಸ್ತಾವ್ನೆ!’ ಅಂದ. ಪ್ರಾಕಾರದಲ್ಲಿ ನಮ್ಮ ವಾರಗಿತ್ತಿ ಚಿಕ್ಕಮುನಿಯಮ್ಮ ಇದ್ದಳು, ಕೇಳಿಸಿಕೊಂಡು ಅಲ್ಲಿಂದಲೇ ಊರೊಳಗೆ ಓಡಿದಳು.

ಹನುಮಯ್ಯನದೂ ತಪ್ಪಲ್ಲ. ಯಾರೂ ಕೆಟ್ಟದ್ದನ್ನು ಬಲಗಡೆಗೆ ಇಟ್ಟು ಕೇಳುವುದಿಲ್ಲ. ಆಗಲಿ ಅನ್ನುವುದನ್ನು ಬಲಕ್ಕೆ ಇಡುತ್ತಾರೆ, ಬೇಡ ಅನ್ನುವುದನ್ನು ಎಡಕ್ಕೆ. ಚಿಕ್ಕಂದಿನಿಂದ ನಾನೂ ಹಾಗೆಯೇ ಕೇಳಿದವಳು. ಇವತ್ತು ಸಿಟ್ಟಿನಲ್ಲಿ ಬೇಡವೆನ್ನುವುದನ್ನು ಬಲಕ್ಕೆ ಇಟ್ಟೆ. ಈಗ ಹೋಗಿ, ಅಯ್ಯಾ ಅದು ಹಾಗಲ್ಲ, ಗಂಡನಿಗೆ ಆಗದಿರಲಿ ಅಂತ ಕೇಳಿಕೊಂಡೆ ಅನ್ನಲೇ? ಗುಡಿಯಲ್ಲಿ ನಿಂತು ಅದನ್ನು ಹೇಳುವ ಬಾಯಿ ಯಾವ ಹೆಂಡತಿಗೆ ಇದೆ?

ಮನೆಗೆ ಬರುವ ಹೊತ್ತಿಗೆ ಇವರು ಬಾಗಿಲಲ್ಲಿ ನಿಂತಿದ್ದರು. ಮುಖ ಬೇರೆಯೇ ಆಗಿತ್ತು. ‘ನನ್ಗೋಸ್ಕರ ಊ ಕೇಳ್ದಂತೆ’ ಅಂದರು. ಗೋಡೆಗಲ್ಲ, ನನಗೇ.

ನಾನು ಮಾತು ಬಿಟ್ಟವಳು, ಏನು ಹೇಳುವುದು? ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಬಾಗಿಲ ಹತ್ತಿರದಿಂದಲೇ ಅಂದರು, ಸ್ವಾಮಿಯೇ ಹೋಗು ಅಂದಮೇಲೆ ಬೇಡ ಅನ್ನಲು ನಾನ್ಯಾರು ಅಂತ.

ಜೂನ್ 22, ಭಾನುವಾರ

ಚಿಕ್ಕಮುನಿಯಮ್ಮ ಬಂದು ಅರ್ಧ ದಿನ ಕೂತಳು. ಇನ್ನೇನು ಅಕ್ಕ, ನೀನೂ ರವಿಕೆಯ ತೋಳು ಕತ್ತರಿಸಿಕೊ ಅಂದಳು. ಒಳಗೆ ಕೆಲಸವಿದೆ ಅಂತ ಎದ್ದೆ.

ಜೂನ್ 29, ಭಾನುವಾರ

ಪ್ರಾಕ್ಟೀಸ್ ಈಗ ನಮ್ಮ ಜಗಲಿಯಲ್ಲೇ ನಡೆಯುತ್ತಿದೆ. ಮಳೆ ಹನಿಯುತ್ತದಂತೆ, ಕಾರ್ಖಾನೆಯ ಶೆಡ್ಡಿನ ತಗಡು ಸದ್ದು ಮಾಡುತ್ತದಂತೆ. ಡ್ರಮ್ಮಿನವನು, ಗಿಟಾರಿನವನು, ದನಿ ದೊಡ್ಡದು ಮಾಡುವ ಎರಡು ಪೆಟ್ಟಿಗೆ, ಇವರು, ಪ್ರಭಾ. ಎಮ್ಮೆ ಹಾಲು ಇಳಿಸುತ್ತಿಲ್ಲ.

ಒಂದೇ ಸಾಲನ್ನು ಎಷ್ಟು ಸಲ ಹೇಳುತ್ತಾರೋ. ಕೇಳಬೇಡ ಅಂದರೂ ಕಿವಿ ಕೇಳುತ್ತದೆ. ಒಂದು ವಿಷಯ ಗೊತ್ತಾಯಿತು. ‘ಗೇಟಿನ ಆಚೆಗೆ’ ಅನ್ನುವ ಮುಂಚೆ ಇವರು ಉಸಿರು ಹಿಡಿದು ನಿಲ್ಲುವುದು ಭಜನೆಯಲ್ಲಿ ಸಾಲು ಹೇಳಿಕೊಡುವ ಮುಂಚೆ ನಿಲ್ಲುತ್ತಿದ್ದ ಹಾಗೆಯೇ. ಹಿಂದಿನವರಿಗೆ ಜಾಗ ಬಿಡುವುದು. ಅದನ್ನು ಗುಡಿಯಲ್ಲಿ ಕಲಿತದ್ದು, ಇಲ್ಲಿ ತಂದು ಹಾಳು ಮಾಡುತ್ತಿದ್ದಾರೆ.

ಮುದ್ದೆ ತಿರುವುತ್ತಿದ್ದೆ, ಕೋಲು ಅದೇ ತಾಳಕ್ಕೆ ಓಡಿತು. ನಿಲ್ಲಿಸಿ ಮೊದಲಿಂದ ಬೇರೆ ಥರ ತಿರುವಿದೆ. ಮುದ್ದೆ ಗಂಟಾಯಿತು.

ಪ್ರಭಾ ನೀರಿಗೆಂದು ಒಳಗೆ ಬಂದಳು. ಒಳ್ಳೆಯ ಮನೆತನದ ಹುಡುಗಿ, ತಾಯಿ ಇಲ್ಲದವಳು, ಅಪ್ಪನಿಗೆ ಹೇಳದೆ ಹಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಹೇಳಿಯೇ ಹಾಡುತ್ತಾಳಂತೆ. ಆ ಅಪ್ಪ ಎಂಥವನೋ. ಲೋಟ ಕೈಯಲ್ಲಿ ಹಿಡಿದುಕೊಂಡು, ‘ಅಮ್ಮಾ, ಆ ಡಬ್ಬಿ ತರೋ ಸುಂದರಿ ಯಾರು ಅಂದ್ಕೊಂಡಿದೀರ?’ ಅಂದಳು.

ಯಾರಾದರೆ ನನಗೇನು ಅಂದೆ. ಅವಳು ನಗುತ್ತಾ ಹೋದಳು. ಈ ಕಾಲದ ಹುಡುಗಿಯರಿಗೆ ಎಲ್ಲದಕ್ಕೂ ನಗು.

ಜುಲೈ 8, ಮಂಗಳವಾರ

ಆಷಾಢ ಹಿಡಿಯಿತು. ಆಷಾಢದಲ್ಲಿ ಯಾರಾದರೂ ಶಾಲು ಹೊದಿಸುತ್ತಾರೆಯೇ? ಹೊಸ ಬಟ್ಟೆ ಉಡುವುದಕ್ಕೇ ಹಿಂದೆಮುಂದೆ ನೋಡುವ ತಿಂಗಳು. ಆ ಕಂಪನಿಯವರ ಮನೆಯಲ್ಲಿ ಪಂಚಾಂಗವೇ ಇಲ್ಲವೋ ಏನೋ.

ಆರ್ಕೆಸ್ಟ್ರಾ ಹುಡುಗರು ನಾಟಕದ ಅಂಗಡಿಯಿಂದ ಇವರಿಗೆ ಕೋಟು ತಂದಿದ್ದಾರೆ. ಕೆಂಪು ಬಟ್ಟೆಗೆ ಮೈತುಂಬ ಚಮಕಿ. ಮಾರಿಹಬ್ಬದ ಕೋಣಕ್ಕೂ ಇಷ್ಟು ಸಿಂಗಾರ ಮಾಡುವುದಿಲ್ಲ. ಇವರು ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ತಮಗೂ ನಾಚಿಕೆಯಾಯಿತು ಅಂತ ಕಾಣುತ್ತದೆ, ಬಿಚ್ಚಿ ಮೊಳೆಗೆ ಹಾಕಿ ಹೊರಗೆ ಹೋದರು.

ಎಡತೋಳಿನ ಗುಂಡಿ ಬಿದ್ದುಹೋಗಿತ್ತು. ನಾಳೆ ನಾಲ್ಕು ಜನ ನೋಡಿದರೆ ಇವರನ್ನಲ್ಲ, ಮನೆಯಲ್ಲಿ ಹೆಂಗಸು ಇಲ್ಲವೇ ಅಂತ ನನ್ನನ್ನು ಅನ್ನುತ್ತಾರೆ. ಅದಕ್ಕೆ ಹೊಲಿದೆ. ಆ ಬಣ್ಣದ ಗುಂಡಿ ಇರಲಿಲ್ಲ, ನನ್ನ ಮದುವೆಯ ರವಿಕೆಯಿಂದ ಒಂದು ಬಿಳಿಯದು ತೆಗೆದು ಹಾಕಿದೆ. ಚಮಕಿ ಉದುರಿದ್ದ ಕಡೆಯೂ ನಾಲ್ಕು ಹೊಲಿಗೆ ಬಿತ್ತು. ಹೊತ್ತು ಹೋದದ್ದು ತಿಳಿಯಲಿಲ್ಲ, ಸಾರು ಸೀದಿತ್ತು.

ಜುಲೈ 13, ಭಾನುವಾರ

ಕಂಪನಿಯ ವ್ಯಾನು ಬಂದು ಇವರನ್ನೂ ಪ್ರಭಾಳನ್ನೂ ಆರ್ಕೆಸ್ಟ್ರಾದವರನ್ನೂ ಕರೆದುಕೊಂಡು ಹೋಯಿತು. ನೀವೂ ಬನ್ನಿ ತಾಯಿ ಅಂತ ರಾಮಪ್ರಸಾದ ಹೇಳಿದ. ಎಮ್ಮೆ ಈಯುವ ದಿನ ಅಂದೆ. ಎಮ್ಮೆಗೆ ಇನ್ನೂ ಮೂರು ತಿಂಗಳಿದೆ.

ವ್ಯಾನು ಹತ್ತುವ ಮುಂಚೆ ಇವರು ಸ್ವಾಮಿಯ ಫೋಟೋದ ಮುಂದೆ ನಿಂತು, ಅಂದು ನಾನು ತಂದು ಇಟ್ಟಿದ್ದ ಸೇವಂತಿಗೆಯನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಒಣಗಿ ಪುಡಿಪುಡಿ ಆಗಿತ್ತು. ಬೇಡ ಅನ್ನಬೇಕು ಅನ್ನಿಸಿತು. ಆ ಹೂವಿನಲ್ಲಿ ಏನಿದೆ ಅಂತ ನನಗೆ ಒಬ್ಬಳಿಗೇ ಗೊತ್ತು.

ಮಧ್ಯಾಹ್ನ ಡಬ್ಬಿ ತುಂಬಿಸಿ ಗೇಟಿನವರೆಗೂ ಹೋಗಿಬಿಟ್ಟಿದ್ದೆ. ಅಭ್ಯಾಸ.

ಜುಲೈ 14, ಸೋಮವಾರ

ಮರದ ಹಲಗೆಗೆ ಹಿತ್ತಾಳೆ ಸಂಪಿಗೆ ಹೂ ಬಡಿದ ಒಂದು ಶೀಲ್ಡು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬಾಳೆಹಣ್ಣು ಎರಡು ಕೊಳೆತಿದ್ದವು. ಶೀಲ್ಡನ್ನು ಎಲ್ಲಿಡಬೇಕು ಅಂತ ಇವರು ಅದನ್ನು ಹಿಡಿದುಕೊಂಡು ಮನೆತುಂಬ ತಿರುಗಿದರು. ದೇವರಗೂಡಿನ ಹತ್ತಿರ ಬಂದಾಗ ನಾನು ಕೆಮ್ಮಿದೆ. ಕೊನೆಗೆ ರಾಗಿ ಗುಡಾಣದ ಮೇಲೆ ಇಟ್ಟರು.

ಊಟಕ್ಕೆ ಕೂತು ಗೋಡೆಗೆ ಎಲ್ಲ ಹೇಳಿದರು. ಹಾಲ್ ತುಂಬ ಜನವಂತೆ. ಬೆಳಕು ಕಣ್ಣಿಗೆ ಹೊಡೆದು ಯಾರೂ ಕಾಣಿಸಲಿಲ್ಲವಂತೆ. ಮೊದಲ ಸಾಲು ಮುಗಿಸಿ ಉಸಿರಿಗೆ ನಿಂತಾಗ ಇಡೀ ಹಾಲ್ ಹಿಂದೆ ಹೇಳಿತಂತೆ, ನಮ್ಮ ಗುಡಿಯಲ್ಲಿ ಹೇಳುವ ಹಾಗೆ.

ಆಮೇಲೆ ಶೀಲ್ಡು ಕೊಟ್ಟು, ನಾಲ್ಕು ಮಾತಾಡಿ ಅಂದರಂತೆ. ಇವರು ಜೇಬಿನಿಂದ ಹೂ ತೆಗೆದು ತೋರಿಸಿದರಂತೆ. ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ‘ನಾನು ಬರಾಕಿಲ್ಲ ಅಂದಿದ್ದೆ, ನಮ್ಮನೆಯೋಳು ಅಶ್ವತ್ಥಮ್ಮ ಸ್ವಾಮಿ ತಾವ ಊ ಕೇಳಿ ಕಳುಸಿದ್ಲು, ಇದು ಅವಳ್ದೇ ಅಂದೆ. ಟಿವೀಲಿ ಬತ್ತದೆ, ನೋಡು’ ಅಂದರು.

ಅಷ್ಟು ಜನರ ಮುಂದೆ ನನ್ನ ಹೆಸರು. ಇಪ್ಪತ್ತಾರನೇ ತಾರೀಕು ಶನಿವಾರ ತೋರಿಸುತ್ತಾರಂತೆ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡು ನೀರು ಕುಡಿದೆ.

ಜುಲೈ 20, ಭಾನುವಾರ

ಊರಿಗೆಲ್ಲ ತಿಳಿದುಹೋಗಿದೆ. ಗುಡಿಯಲ್ಲಿ ನನ್ನನ್ನು ತಿರುಗಿ ನೋಡುತ್ತಾರೆ. ಇದೆಲ್ಲ ನನಗೆ ಬೇಕಿರಲಿಲ್ಲ.

ಮನೆಗೆ ಸುಣ್ಣ ಬಳಿದೆ. ಹೇಗೂ ಬಳಿಯಬೇಕಿತ್ತು. ಟಿವಿಯನ್ನು ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ಇಟ್ಟೆ, ಅಲ್ಲಾದರೆ ಜಗಲಿಯಲ್ಲಿ ಕೂತವರಿಗೂ ಕಾಣುತ್ತದೆ. ಮೇಲೆ ಹೋಗಿ ಆಂಟೆನಾ ತಿರುಗಿಸಿ ಬಾ ಅಂತ ಚಿಕ್ಕಮುನಿಯಮ್ಮನ ಗಂಡನಿಗೆ ಹೇಳಿದೆ. ಬಂದವರು ಮಸುಕು ಅಂತ ಆಡಿಕೊಳ್ಳಬಾರದಲ್ಲ. ಮಗಳಿಗೆ, ಬೀಗರಿಗೆ ಬರಲು ಹೇಳಿ ಕಳಿಸಿದ್ದೇನೆ. ಮನೆಯಲ್ಲೇ ಕೂತು ಹಿಂದಿನಿಂದ ನಗುವುದಕ್ಕಿಂತ ಇಲ್ಲಿ ಬಂದು ನನ್ನ ಕಣ್ಣ ಮುಂದೆ ನಗಲಿ.

ಜುಲೈ 26, ಶನಿವಾರ

ಎಲ್ಲರೂ ಹೋದರು, ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಸಾಯಂಕಾಲಕ್ಕೇ ಮನೆ ತುಂಬಿತು. ಬೀಗರು ಚಾಪೆಯ ಮೇಲೆ, ಕಾರ್ಖಾನೆಯವರು ಜಗಲಿಯಲ್ಲಿ, ಹೆಂಗಸರು ಅಡುಗೆಮನೆಯ ಬಾಗಿಲವರೆಗೆ. ಭಜನೆ ಬೇಗ ಮುಗಿಸಿ ಹನುಮಯ್ಯನೂ ಬಂದ. ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಸಿದ್ದೆ. ಇವರು ಬಿಳಿ ಅಂಗಿ ಹಾಕಿಕೊಂಡು ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದರು. ಪಕ್ಕದಲ್ಲಿ ಪ್ರಭಾ, ಅವಳ ಅಪ್ಪ.

ಶುರುವಾಯಿತು. ಮತ್ತೆ ಅದೇ ಹೊಗೆ. ಕೂದಲು ಬಿಟ್ಟವನು ಬಂದ, ಹಾಡಿದ, ಶೀಲ್ಡು ತಗೊಂಡ. ಜೋಡಿ ಹಾಡಿನವರು ಬಂದರು. ಹಾಡು ಬರೆದವನು ಬಂದ. ಯಾರೋ ಮುಖ್ಯ ಅತಿಥಿ ನಿಂತು ಮಾತಾಡಿದ, ಮಾತಾಡಿದ, ಒಲೆಯ ಮೇಲಿನ ಕಾಫಿ ಆರುವಷ್ಟು ಮಾತಾಡಿದ. ಈಗ ಬರುತ್ತೆ, ಈಗ ಬರುತ್ತೆ ಅಂತ ಇವರು ಅನ್ನುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಕೂತವರನ್ನು ತೋರಿಸುವಾಗ ಒಂದು ಸಲ ಅಂಚಿನಲ್ಲಿ ಒಂದು ತೋಳು ಮಿನುಗಿತು. ತುದಿಯಲ್ಲಿ ಬಿಳಿ ಗುಂಡಿ. ನಾನು ನೋಡಿದೆ. ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಆಮೇಲೆ ಎಲ್ಲರೂ ಸಾಲಾಗಿ ನಿಂತು ಕೈ ಮುಗಿದರು. ಮುಗಿಯಿತು. ವಾರ್ತೆ ಬಂತು.

ಚಿಕ್ಕಮುನಿಯಮ್ಮನೇ ಶುರುಮಾಡಿದಳು. ‘ಬಾವ ಓಗಿದ್ದು ಅದೇ ಆಲ್‌ಗೋ, ಇಲ್ಲಾ ಪಕ್ಕದ ಛತ್ರದಾಗೆ ಮದ್ವೆ ಊಟಕ್ಕೋ?’ ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಶೀಲ್ಡು ಈಗ ಚಿಕ್ಕಪೇಟೆಯ ಅಂಗಡಿಯಲ್ಲೂ ಮಾಡಿಕೊಡುತ್ತಾರೆ ಅಂತ ಒಬ್ಬ ಕಾರ್ಖಾನೆಯವನು ಅಂದ. ಆಮೇಲೆ ಎಲ್ಲರಿಗೂ ಧೈರ್ಯ ಬಂತು. ಬೀಗರು ಪಂಚೆ ಬಾಯಿಗೆ ಹಿಡಿದುಕೊಂಡರು. ಪ್ರಭಾ, ಇಲ್ಲ, ನಾವು ಹಾಡಿದೆವು, ಕೊಟ್ಟರು ಅಂತ ಹೇಳುತ್ತಲೇ ಇದ್ದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಇವರು ಶೀಲ್ಡನ್ನು ಮಗುಚಿ ಹಾಕಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತಾ ಕೂತರು.

ಬಲಗಡೆ ಬಿದ್ದ ಹೂ ನೆನಪಾಯಿತು. ಕಾಣಿಸಿಕೊಳ್ಳಬಾರದು ಅಂತ ಕೇಳಿದ್ದೆ. ಕೇಳಿದ್ದೇ ಆಗಿತ್ತು.

ನಾನು ಎದ್ದು ಟಿವಿ ಆರಿಸಿ ಅದರ ಮರದ ಪೆಟ್ಟಿಗೆಯ ಬಾಗಿಲು ಎಳೆದೆ. ಹೋಗುವವರು ಹೋಗಬಹುದು, ಕಾಫಿ ಕುಡಿದವರು ಕೂರಿ ಅಂದೆ. ಇವರ ಹತ್ತಿರ ಹೋಗಿ ನಿಂತೆ.

‘ಏಳ್ರಿ ಮೇಲೆ. ಆ ಸೈರನ್ ಪದ ಹಾಡಿ. ನೋಡ್ಲಿ ಎಲ್ರೂ.’

‘ಗಂಟ್ಲು ಕಟ್ಕಂಡದೆ ಕಣೆ. ಬುಡು.’

‘ಆ ಹೊಗೆಯೊಳ್ಗೆ ಕಟ್ದೇ ಇದ್ದ ಗಂಟ್ಲು, ನಮ್ಮನೇಲಿ ಯಾಕ್ರಿ ಕಟ್ತದೆ?’

ಇವರು ತಲೆ ಎತ್ತಲಿಲ್ಲ. ಚಿಕ್ಕಮುನಿಯಮ್ಮ ಸೆರಗು ಸರಿಮಾಡಿಕೊಂಡು ಏಳುವುದರಲ್ಲಿದ್ದಳು. ಇನ್ನೊಂದು ಗಳಿಗೆ ಬಿಟ್ಟರೆ ಊರೆಲ್ಲ ಇದೇ ಮಾತು. ನನಗೆ ಇನ್ನೇನೂ ತೋಚಲಿಲ್ಲ, ನಾನೇ ಎತ್ತಿಕೊಂಡೆ. ಸೈರನ್ನು ಕೂಗಿತು ಸುಂದರಿ, ಸೈಕಲ್ಲು ಕಾದೈತೆ ಬಾರೆ. ಎಮ್ಮೆ ಕೂಗಿದ ಹಾಗಿತ್ತು, ನನಗೇ ಗೊತ್ತು. ತಾಳವೂ ಎಲ್ಲೋ ಹೋಯಿತು. ಬೀಗರ ಹೆಂಗಸು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನಿಲ್ಲಿಸದೆ ಅದೇ ಸಾಲನ್ನು ಮತ್ತೆ ಹೇಳಿದೆ, ಮತ್ತೂ ಕೆಟ್ಟದಾಗಿ ಬಂತು.

ಇವರಿಗೆ ಅದನ್ನು ಕೇಳಿಕೊಂಡು ಕೂರಲಾಗಲಿಲ್ಲ. ಸುಂದರಿ ಅನ್ನುವುದನ್ನು ಎಳೆಯಬಾರದು ಕಣೆ, ಬಿಡಬೇಕು ಅಂತ ಗೊಣಗುತ್ತಾ ಎದ್ದು, ಸರಿಯಾದ ಸ್ಥಾಯಿಗೆ ಎತ್ತಿಕೊಂಡರು. ಮೊದಲ ಸಾಲು ಮುಗಿಸಿ ಉಸಿರಿಗೆ ನಿಂತರು. ಹನುಮಯ್ಯ ಹಿಂದೆ ಹೇಳಿದ. ಶನಿವಾರ ಶನಿವಾರ ಇವರ ಹಿಂದೆ ಹೇಳಿ ಅಭ್ಯಾಸವಾದ ಬಾಯಿಗಳು, ನಿಂತ ಕೂಡಲೇ ತಾವಾಗಿಯೇ ಹೇಳುತ್ತವೆ. ಜಗಲಿಯಲ್ಲಿದ್ದವರೂ ಹೇಳಿದರು. ಕಿಸಕ್ಕೆಂದವನೂ ಹೇಳಿದ. ಪ್ರಭಾ ಅಳುತ್ತಲೇ ತನ್ನ ಸಾಲು ಹಾಡಿದಳು. ಡಬ್ಬಿಯ ತಾರೆ ಅನ್ನುವಾಗ ಇವರು ನನ್ನ ಕಡೆ ಕೈ ತೋರಿಸಿದರು, ಎಲ್ಲರೂ ತಿರುಗಿ ನೋಡಿದರು. ನಾನು ಅಡುಗೆಮನೆಗೆ ಬಂದುಬಿಟ್ಟೆ.

ಎಷ್ಟೊಂದು ಲೋಟ. ಒಬ್ಬರೂ ತೊಳೆದಿಟ್ಟು ಹೋಗಲಿಲ್ಲ. ಚಿಕ್ಕಮುನಿಯಮ್ಮ ಎರಡು ಲೋಟ ಕಾಫಿ ಕುಡಿದಳು.

ಜುಲೈ 29, ಮಂಗಳವಾರ

ರಾಮಪ್ರಸಾದ ಬಂದ. ಮುಖ ಸಣ್ಣದು ಮಾಡಿಕೊಂಡಿದ್ದ. ಮುಖ್ಯ ಅತಿಥಿಯ ಮಾತು ಉದ್ದವಾಯಿತಂತೆ, ಕೊಟ್ಟ ಹೊತ್ತಿಗಿಂತ ಕಾರ್ಯಕ್ರಮ ಹೆಚ್ಚಾಯಿತಂತೆ, ಯಾವುದನ್ನು ಬಿಡುವುದು ಅಂತ ಬಂದಾಗ ಅವರ ಕಂಪನಿಯ ದೊಡ್ಡವರೇ ‘ಹೊಸ ದನಿ’ ಬಿಡಿ ಅಂದರಂತೆ. ಯಾರೂ ಗುರುತಿನವರಲ್ಲವಲ್ಲ ಅಂತ.

ಇವರು, ಹೋಗಲಿ ಬಿಡಿ ಸಾರ್ ಅಂದರು. ನಾನು ಬಿಡಲಿಲ್ಲ. ‘ಮಾತಾಡೋಕೆ ಬಂದೋನ್ನ ತೋರಿಸಿದ್ರಿ, ಹಾಡೋಕೆ ಬಂದೋರ್ನ ಬಿಟ್ರಿ. ನಿಮ್ದು ಹಾಡಿನ ಕಂಪನೀನೋ ಭಾಷಣದ ಕಂಪನೀನೋ?’ ಅಂದೆ. ಅವನು ತಲೆ ಕೆರೆದುಕೊಂಡ. ಮುಂದಿನ ವರ್ಷ ನೋಡೋಣ ತಾಯಿ ಅಂದ. ನೋಡೋಣ ಅನ್ನುವುದು ನಿಮ್ಮ ಕೆಲಸವಲ್ಲ, ತೋರಿಸುವುದು ನಿಮ್ಮ ಕೆಲಸ ಅಂದೆ.

ಮಜ್ಜಿಗೆ ಕೊಡಲಿಲ್ಲ.

ಜುಲೈ 31, ಗುರುವಾರ

ಡಬ್ಬಿ ತೆಗೆದುಕೊಂಡು ಹೋದಾಗ ಬೇವಿನ ಮರದ ಕೆಳಗೆ ಕೂತು ಹೇಳಿದೆ, ಹಾಡುವುದಾದರೆ ಹಾಡಿ, ಸುಂದರಿ ಅನ್ನುವುದೊಂದನ್ನು ತೆಗೆದುಬಿಡಿ, ಐವತ್ತು ವರ್ಷದ ಹೆಂಗಸಿಗೆ ಅದು ಚೆನ್ನಾಗಿರುವುದಿಲ್ಲ ಅಂತ. ತೆಗೆದರೆ ತಾಳ ಕೂರುವುದಿಲ್ಲವಂತೆ. ಬೇರೆ ಯಾವುದಾದರೂ ಮಾತು ಹುಡುಕಿ ಅಂದೆ. ಹುಡುಕಿ ನೋಡಿಯಾಯಿತು, ಇಲ್ಲ ಅಂದರು. ಸುಳ್ಳು ಹೇಳುತ್ತಿದ್ದಾರೆ.

ಸಾರಿಗೆ ಉಪ್ಪು ಕಮ್ಮಿ ಅಂತಲೂ ಅಂದರು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ತಿಂದರಲ್ಲ.

ಆಗಸ್ಟ್ 2, ಶನಿವಾರ

ಇವರು ಭಜನೆಗೆ ಬಂದರು. ಎಷ್ಟೋ ವಾರದ ಮೇಲೆ. ಸಾಲು ಹೇಳಿಕೊಟ್ಟು ನಿಂತರು, ಊರು ಹಿಂದೆ ಹೇಳಿತು. ಮಂಗಳಾರತಿ ಆದಮೇಲೆ ಕಾರ್ಖಾನೆಯ ಹುಡುಗರು ಸೈರನ್ ಪದ ಬೇಕು ಅಂದರು. ಗುಡಿಯೊಳಗೆ ಕೂಡದು, ಬೇಕಾದರೆ ಅರಳಿಕಟ್ಟೆಯ ಹತ್ತಿರ ಹಾಡಿಕೊಳ್ಳಿ ಅಂದೆ. ಎಲ್ಲರೂ ಅಲ್ಲಿಗೆ ಹೋದರು.

ನಾನು ಒಳಗೇ ಉಳಿದೆ. ಹನುಮಯ್ಯ ನನ್ನನ್ನು ನೋಡಿ ತಾನಾಗಿಯೇ ಹೂ ಒದ್ದೆ ಮಾಡಲು ಹೋದ. ಬೇಡ ಅಂದೆ. ಸ್ವಾಮಿಯ ಮುಂದೆ ನಿಂತೆ. ಕೇಳಿದ್ದನ್ನೇ ಕೊಟ್ಟೆಯಪ್ಪ, ಸರಿ. ಸಿಟ್ಟಿನಲ್ಲಿ ಕೇಳಿದವಳಿಗೆ ಬುದ್ಧಿ ಇರಲಿಲ್ಲ, ಕೊಡುವವನಾದರೂ ಒಂದು ಗಳಿಗೆ ಯೋಚಿಸಬಾರದಿತ್ತೇ? ಬರುವ ವರ್ಷ ನನ್ನ ಗಂಡ ಚಿಕ್ಕಬೈರಪ್ಪ ಆ ಚಮಕಿ ಕೋಟು ಹಾಕಿಕೊಂಡು ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ನಾನೂ ಕೂತಿರುತ್ತೇನೆ. ನೀನು ಇದರಲ್ಲಿ ಕೈ ಹಾಕಬೇಡ.

ಹೊರಗೆ ಪದ ಶುರುವಾಗಿತ್ತು. ಹನುಮಯ್ಯ ಬಾಗಿಲಿಗೆ ಬಂದು, ಹೂವೂ ಇಲ್ಲದೆ ಏನವ್ವ ಅಷ್ಟು ಹೊತ್ತು ಕೇಳಿಕೊಂಡೆ ಅಂದ.

ಕೇಳಲಿಲ್ಲ, ಹೇಳಿ ಬಂದೆ ಅಂದೆ.